ಗೊಬ್ಬರ ನಿಲ್ಲಿಸಿದ್ದಕ್ಕೇ ಶ್ರೀಲಂಕಾ ದಿವಾಳಿ ಆಯ್ತಾ?

ಪ್ರಶ್ನೆ: ರಾಸಾಯನಿಕ ಗೊಬ್ಬರ ಬಂದ್ ಮಾಡಿ ಸಾವಯವಕ್ಕೆ ಹೋಗಿದ್ದಕ್ಕೇ 2022ರಲ್ಲಿ ಶ್ರೀಲಂಕಾ ಮುಳುಗಿತು ಅಂತಾರಲ್ಲ, ನಿಜವಾ?

ದಾವಣಗೆರೆ ಜಿಲ್ಲೆಯ ಭತ್ತದ ರೈತರು, ಅದರಲ್ಲೂ ಹರಿಹರ, ಮಲೇಬೆನ್ನೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆ ಇದು. ಯೂರಿಯಾ ಸಿಗದೇ ಇದ್ದಾಗಲಂತೂ ಗ್ಯಾರಂಟಿ. ಸೊಸೈಟಿ ಮುಂದೆ ಆಧಾರ್ ಕಾರ್ಡ್ ಹಿಡಿದು ನಿಂತ ಸಾಲಿನಲ್ಲಿ ಯಾರಾದರೂ "ಸಾವಯವ ಮಾಡ್ರಪ್ಪ" ಅಂದರೆ, ಹಿಂದಿನವರು "ಹೂಂ, ಮಾಡಿ ಶ್ರೀಲಂಕಾದಂಗ ಆಗಾಣ" ಅನ್ನುತ್ತಾರೆ. ಮಾತು ಅಲ್ಲಿಗೆ ಮುಗೀತು.

ನಿಷೇಧ ದೊಡ್ಡ ತಪ್ಪು, ಅದರಲ್ಲಿ ಅನುಮಾನ ಇಲ್ಲ. ಆದರೆ ದೇಶ ದಿವಾಳಿ ಆಗಿದ್ದು ಡಾಲರ್ ಖಾಲಿಯಾಗಿ. ಅದು ಗೊಬ್ಬರಕ್ಕಿಂತ ಮೊದಲೇ ಶುರುವಾಗಿತ್ತು.

2019ರ ಏಪ್ರಿಲ್ 21, ಈಸ್ಟರ್ ಭಾನುವಾರ. ಚರ್ಚು, ಹೋಟೆಲುಗಳಲ್ಲಿ ಬಾಂಬ್ ಸಿಡಿದು 260ಕ್ಕೂ ಹೆಚ್ಚು ಜನ ಸತ್ತರು. ಪ್ರವಾಸಿಗರು ಬರುವುದು ಕಡಿಮೆಯಾಯಿತು, ಅವರು ತರುತ್ತಿದ್ದ ಡಾಲರ್ ಕೂಡ. ಅದೇ ವರ್ಷದ ನವೆಂಬರ್‌ನಲ್ಲಿ ಅಧ್ಯಕ್ಷ ಚುನಾವಣೆ ಗೆದ್ದ ಗೋಟಬಯ ರಾಜಪಕ್ಸ ಬಂದ ಕೂಡಲೇ ತೆರಿಗೆ ಇಳಿಸಿದರು. ಶೇ 15 ಇದ್ದ ವ್ಯಾಟ್, ಅಂದರೆ ಸರಕು-ಸೇವೆ ಮೇಲಿನ ತೆರಿಗೆ, ಒಂದೇ ಏಟಿಗೆ ಶೇ 8ಕ್ಕೆ ಬಂತು. ಅದರ ಬೆನ್ನಿಗೇ ಕೊರೊನಾ. ಹಳೇ ಸಾಲ ತೀರಿಸಲು ಹೊಸ ಸಾಲ ಎತ್ತುವುದು ಅವರ ರೂಢಿಯಾಗಿತ್ತು. 2020ರಲ್ಲಿ ಸಾಲ ತೀರಿಸುವ ತಾಕತ್ತು ಅಳೆಯುವ ರೇಟಿಂಗ್ ಸಂಸ್ಥೆಗಳು ದರ್ಜೆ ಇಳಿಸಿದ ಮೇಲೆ ಹೊಸ ಸಾಲ ಕೊಡುವವರೇ ಇಲ್ಲವಾದರು.

ಡಾಲರ್ ಉಳಿಸಲು ಸರ್ಕಾರ ಆಮದಿಗೆ ತಡೆ ಹಾಕುತ್ತಾ ಹೋಯಿತು. ಮೊದಲು ಕಾರು. ಆಮೇಲೆ ಅರಿಶಿನ ಕೂಡ! ಅಲ್ಲಿ ಅರಿಶಿನದ ಬೆಲೆ ಎಷ್ಟು ಏರಿತೆಂದರೆ ತಮಿಳುನಾಡಿನ ಕರಾವಳಿಯಿಂದ ದೋಣಿಯಲ್ಲಿ ಕಳ್ಳಸಾಗಣೆ ಶುರುವಾಯಿತು. 2021ರ ಮೇ ತಿಂಗಳಲ್ಲಿ ಇದೇ ಪಟ್ಟಿಗೆ ರಸಗೊಬ್ಬರ ಸೇರಿತು.

ಗೋಟಬಯ ಚುನಾವಣೆಯಲ್ಲಿ ಕೊಟ್ಟಿದ್ದ ಮಾತು ಹತ್ತು ವರ್ಷದಲ್ಲಿ ಸಾವಯವಕ್ಕೆ ಹೋಗೋಣ ಅಂತ. ಆ ಹತ್ತು ವರ್ಷ ರಾತ್ರೋರಾತ್ರಿ ಸೊನ್ನೆಯಾಯಿತು. ಮಣ್ಣಿನ ಮೇಲಿನ ಪ್ರೀತಿಗಿಂತ ಡಾಲರ್ ಚಿಂತೆಯೇ ಜಾಸ್ತಿ ಇತ್ತು ಅಂತ ನನಗೆ ಅನ್ನಿಸುತ್ತದೆ.

ಗದ್ದೆಯಲ್ಲಿ ಏನಾಯಿತು ಅಂತ ಭತ್ತ ಬೆಳೆಯುವವರಿಗೆ ಬಿಡಿಸಿ ಹೇಳಬೇಕಿಲ್ಲ. ನಾಟಿ ಆಗಿ ಮೂರು ವಾರಕ್ಕೆ ಮೇಲುಗೊಬ್ಬರ ಬೀಳದಿದ್ದರೆ ಗರಿ ಹಳದಿಗೆ ತಿರುಗುತ್ತದೆ, ತೆಂಡೆ (ಬುಡದ ಮರಿ ಕವಲು) ಒಡೆಯುವುದಿಲ್ಲ. ವರ್ಷಗಟ್ಟಲೆ ಯೂರಿಯಾ ಉಂಡ ನೆಲ ಅದು. ಅಷ್ಟು ಹೊಲಗಳಿಗೆ ಸಾಕಾಗುವಷ್ಟು ಕೊಟ್ಟಿಗೆ ಗೊಬ್ಬರ ಒಂದೇ ವರ್ಷದಲ್ಲಿ ಎಲ್ಲಿಂದ ಬರಬೇಕು? ಚೀನಾದಿಂದ ಹಡಗಿನಲ್ಲಿ ಸಾವಯವ ಗೊಬ್ಬರ ತರಿಸಿದರು. ಅದರಲ್ಲಿ ಬೆಳೆಗೆ ರೋಗ ತರುವ ಬ್ಯಾಕ್ಟೀರಿಯಾ ಇದೆ ಅಂತ ವಾಪಸ್ ಕಳಿಸಿದರು. ಜಗಳ ಬೆಳೆದು ಕೊನೆಗೆ ಆ ಕಂಪನಿಗೆ 67 ಲಕ್ಷ ಡಾಲರ್ ಕೊಡಬೇಕಾಯಿತು. ಡಾಲರ್ ಉಳಿಸಲು ಹೊರಟವರ ಕಥೆ ನೋಡಿ! ಅವರ 'ಮಹಾ' ಹಂಗಾಮು ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ. ಆ ಹಂಗಾಮಿನ ಭತ್ತ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡಿಮೆಯಾಯಿತು. ಅಕ್ಕಿಗೂ ಹೊರಗೆ ಕೈ ಚಾಚಬೇಕಾಯಿತು.

ಈಗ ಲೆಕ್ಕ ನೋಡಿ. 2020ರಲ್ಲಿ ಅವರ ರಸಗೊಬ್ಬರ ಆಮದಿನ ಬಿಲ್ಲು ಸುಮಾರು 26 ಕೋಟಿ ಡಾಲರ್. 2022ರಲ್ಲಿ ತೀರಿಸಬೇಕಿದ್ದ ವಿದೇಶಿ ಸಾಲದ ಕಂತು, ಬಡ್ಡಿ ಸುಮಾರು 700 ಕೋಟಿ ಡಾಲರ್. ಗೊಬ್ಬರಕ್ಕೆ ಕೈ ಹಾಕದಿದ್ದರೂ ಈ 700 ಕೋಟಿ ಎಲ್ಲಿಂದ ಬರುತ್ತಿತ್ತು?

ಬರಲಿಲ್ಲ. 2022ರ ಮಾರ್ಚ್ ಹೊತ್ತಿಗೆ ಪ್ರಶ್ನೆಪತ್ರಿಕೆ ಮುದ್ರಿಸಲು ಕಾಗದ ಇಲ್ಲದೆ ಶಾಲಾ ಪರೀಕ್ಷೆ ಮುಂದೂಡಿದರು. ದಿನಕ್ಕೆ 13 ಗಂಟೆ ಕರೆಂಟ್ ಇರಲಿಲ್ಲ. ಏಪ್ರಿಲ್ 9ಕ್ಕೆ ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಜನ ಡೇರೆ ಹಾಕಿದರು. 12ಕ್ಕೆ ಸರ್ಕಾರ ವಿದೇಶಿ ಸಾಲ ಕಟ್ಟಲು ಆಗಲ್ಲ ಅಂತ ಘೋಷಿಸಿತು. ಮೇ ಮೊದಲ ವಾರ ಹಣಕಾಸು ಸಚಿವರು ಸಂಸತ್ತಿನಲ್ಲೇ ಹೇಳಿದರು: ಬಳಸಬಹುದಾದ ವಿದೇಶಿ ವಿನಿಮಯ ಮೀಸಲು 5 ಕೋಟಿ ಡಾಲರ್ ಕೂಡ ಇಲ್ಲ. 2019ರ ಕೊನೆಯಲ್ಲಿ ಮೀಸಲು 760 ಕೋಟಿ ಡಾಲರ್ ಇತ್ತು. ಮೇ 9ಕ್ಕೆ ಗೋಟಬಯ ಅವರ ಅಣ್ಣ, ಪ್ರಧಾನಿ ಮಹಿಂದ ರಾಜೀನಾಮೆ. ಜುಲೈ 9ಕ್ಕೆ ಜನ ಅಧ್ಯಕ್ಷರ ಮನೆಗೇ ನುಗ್ಗಿ ಈಜುಕೊಳಕ್ಕೆ ಇಳಿದರು. ಆ ವಿಡಿಯೊ ನೀವೂ ನೋಡಿರುತ್ತೀರಿ, ಅಲ್ವಾ? 13ಕ್ಕೆ ಗೋಟಬಯ ಮಾಲ್ಡೀವ್ಸ್‌ಗೆ ಹಾರಿದರು. ಅಲ್ಲಿಂದ ಸಿಂಗಪುರಕ್ಕೆ ಹೋಗಿ ಇಮೇಲ್‌ನಲ್ಲಿ ರಾಜೀನಾಮೆ ಕಳಿಸಿದರು.

ನಿಷೇಧವನ್ನೇ ಕಾರಣ ಅನ್ನುವವರು ಇನ್ನೊಂದು ವಿಷಯ ಮರೆಯುತ್ತಾರೆ. ನಿಷೇಧವನ್ನು 2021ರ ನವೆಂಬರ್‌ನಲ್ಲೇ ತೆಗೆದಿದ್ದರು. ಆದರೂ 2022ರ 'ಯಾಲ' ಹಂಗಾಮಿನಲ್ಲಿ, ಅಂದರೆ ಮೇ ನಂತರದ ಬೆಳೆಗೆ, ಯೂರಿಯಾ ಸಿಗಲಿಲ್ಲ. ತರಲು ಕಾನೂನಿನ ಅಡ್ಡಿ ಇರಲಿಲ್ಲ, ಕೊಳ್ಳಲು ಡಾಲರ್ ಇರಲಿಲ್ಲ. ಕೊನೆಗೆ ಭಾರತ ಕೊಟ್ಟ ಐದೂವರೆ ಕೋಟಿ ಡಾಲರ್ ಸಾಲದಲ್ಲಿ 65,000 ಟನ್ ಯೂರಿಯಾ ಹೊರಟಿತು. ಅದರಲ್ಲಿ 44,000 ಟನ್ ಕೊಲಂಬೊ ಮುಟ್ಟಿದ್ದು ಅದೇ ಜುಲೈನಲ್ಲಿ.