ಬೂಟಿಗಂಟಿದ ಶಾಪ

ಹವಾಯಿಯ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನಕ್ಕೆ ಅಂಚೆಯಲ್ಲಿ ಕಲ್ಲುಗಳು ಬರುತ್ತವೆ. ತಮಾಷೆಯಲ್ಲ, ನಿಜ. ಚಾರಣಕ್ಕೆ ಬಂದವರು ನೆನಪಿಗಿರಲಿ ಅಂತ ಒಂದು ಲಾವಾ ಕಲ್ಲನ್ನು ಜೇಬಿಗೆ ಇಳಿಸಿರುತ್ತಾರೆ. ಮನೆಗೆ ಹೋದಮೇಲೆ ಏನೋ ಎಡವಟ್ಟಾಗುತ್ತದೆ. ಆಗ ಬೆಂಕಿಯ ದೇವತೆ ಪೆಲೆಯ ಶಾಪ ನೆನಪಾಗುತ್ತದೆ. ಕಲ್ಲು ವಾಪಸ್! ಉದ್ಯಾನದಿಂದ ಕಲ್ಲು ಎತ್ತುವುದು ಕಾನೂನಿನ ಪ್ರಕಾರವೂ ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಕಲ್ಲಿಗೆ ಇಷ್ಟು ಹೆದರುವವರು ತಮ್ಮ ಬೂಟಿನ ತಳವನ್ನು ಒಮ್ಮೆಯಾದರೂ ತಿರುಗಿಸಿ ನೋಡಬಾರದೇ?

ಅಲ್ಲಿನ ಎಷ್ಟೋ ಕಾಡುದಾರಿಗಳು ಶುರುವಾಗುವ ಕಡೆ ಒರಟು ಬ್ರಷ್‌ಗಳನ್ನು ಕೂರಿಸಿದ್ದಾರೆ. ಪಕ್ಕದಲ್ಲಿ ಕೆಲವೆಡೆ ಸ್ಪ್ರೇ ಬಾಟಲಿಯೂ ಇರುತ್ತದೆ. ಬೂಟು ಫಳಫಳ ಹೊಳೆಯಲಿ ಅಂತ ಇಟ್ಟಿದ್ದಲ್ಲ ಅದು. ಓಹಿಯಾ ಮರ ಸಾಯದಿರಲಿ ಅಂತ.

ಓಹಿಯಾ ಅಂದರೆ ಹವಾಯಿಯ ಕಾಡಿನ ಬೆನ್ನೆಲುಬು. ಅಲ್ಲಿನ ಮೂಲ ಕಾಡಿನ ಸುಮಾರು ಶೇ. 80 ಭಾಗ ಇದರದ್ದೇ. ಹಸಿ ಲಾವಾ ಆರಿ ಕಲ್ಲಾದರೆ ಸಾಕು, ಮೊದಲು ಬಂದು ಬೇರೂರುವ ಮರಗಳಲ್ಲಿ ಇದೂ ಒಂದು. ಕಿಲಾವೆಯಾ ಇಕಿ ಕುಳಿಯಲ್ಲಿ 1959ರಲ್ಲಿ ಲಾವಾ ಸುಮಾರು 580 ಮೀಟರ್ ಎತ್ತರಕ್ಕೆ ಕಾರಂಜಿಯಂತೆ ಚಿಮ್ಮಿತ್ತು. ಈಗ ಅದೇ ಕುಳಿಯ ತಳದ ಮೇಲೆ ಕಾಲುದಾರಿ ಹೋಗುತ್ತದೆ. ಒಂದು ಬಿರುಕಿನಲ್ಲಿ ಹಬೆ ಏಳುತ್ತಿರುತ್ತದೆ, ಇನ್ನೊಂದು ಬಿರುಕಿನಲ್ಲಿ ಓಹಿಯಾ ಸಸಿ ಕೆಂಪು ಹೂ ಬಿಟ್ಟು ನಿಂತಿರುತ್ತದೆ. ಮಣ್ಣು? ಹೆಸರಿಗಷ್ಟೇ.

ಇಂಥ ಗಟ್ಟಿ ಜೀವವನ್ನು ಕೊಲ್ಲುತ್ತಿರುವುದು ಸೆರಾಟೊಸಿಸ್ಟಿಸ್ ಅನ್ನುವ ಶಿಲೀಂಧ್ರ. ಅದನ್ನು ಗುರುತಿಸಿದ್ದು 2014ರಲ್ಲಿ. ಅದರಲ್ಲಿ ಎರಡು ಬಗೆ. ಹೆಚ್ಚು ಉಗ್ರವಾದದ್ದಕ್ಕೆ 2018ರಲ್ಲಿ ‘ಲುಕುಓಹಿಯಾ’ ಅಂತ ಹೆಸರಿಟ್ಟರು. ಹವಾಯಿ ಭಾಷೆಯಲ್ಲಿ ಓಹಿಯಾ ನಾಶಕ ಎಂದರ್ಥ. ಈವರೆಗೆ 10 ಲಕ್ಷಕ್ಕೂ ಜಾಸ್ತಿ ಮರಗಳು ಹೋಗಿವೆ.

ಕೊಲ್ಲುವ ರೀತಿ ನೋಡಿ. ಮರಕ್ಕೆ ಪಂಪ್ ಇಲ್ಲ. ನೀರನ್ನು ಕೆಳಗಿಂದ ತಳ್ಳುವವರು ಯಾರೂ ಇಲ್ಲ, ಮೇಲಿಂದ ಎಳೆಯಬೇಕು. ಎಲೆಯಿಂದ ಒಂದು ಕಣ ನೀರು ಆವಿಯಾದರೆ ಅದರ ಹಿಂದಿನ ಕಣ ಮೇಲೆ ಸರಿಯುತ್ತದೆ, ಬಾವಿಯಿಂದ ಹಗ್ಗ ಎಳೆದ ಹಾಗೆ. ಹಗ್ಗ ಅಂದರೂ ಸಾಲದು, ಕೈ ಕೈ ಹಿಡಿದು ಸಾಲಾಗಿ ಗುಡ್ಡ ಹತ್ತುವ ಮಕ್ಕಳನ್ನು ನೆನೆಸಿಕೊಳ್ಳಿ. ಈ ಸಾಲು ಹೋಗುವ ಸಣ್ಣ ಕೊಳವೆಗಳೇ ಕ್ಸೈಲಂ. ಶಿಲೀಂಧ್ರ ಅದರೊಳಗೆ ಬೆಳೆದು ನೀರಿನ ಹಾದಿ ಮುಚ್ಚುತ್ತದೆ. ಒಂದು ಕೊಳವೆ ಕಟ್ಟಿಕೊಂಡರೆ ಪಕ್ಕದ್ದು ನೀರು ಕೊಡುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಮರ ಚೆನ್ನಾಗಿಯೇ ಕಾಣುತ್ತದೆ. ಕಟ್ಟಿಕೊಂಡ ಕೊಳವೆಗಳ ಲೆಕ್ಕ ಒಂದು ಮಿತಿ ದಾಟಿದಾಗ ಕೆಲವೇ ದಿನ ಅಥವಾ ವಾರಗಳಲ್ಲಿ ಇಡೀ ನೆತ್ತಿ ಕಂದುಬಣ್ಣಕ್ಕೆ ತಿರುಗುತ್ತದೆ. ಎಲೆ ಉದುರುವುದೂ ಇಲ್ಲ, ನಿಂತಲ್ಲೇ ಒಣಗುತ್ತದೆ. ಕಾಂಡ ಕಡಿದು ನೋಡಿದರೆ ಒಳಗೆ ಕಪ್ಪು ಗೆರೆಗಳು, ಸೈಕಲ್ ಚಕ್ರದ ಕಡ್ಡಿಗಳಂತೆ.

ಒಳಹೋಗಲು ಶಿಲೀಂಧ್ರಕ್ಕೆ ಗಾಯ ಬೇಕು. ಕೊಂಬೆ ಮುರಿದರೂ ಆಯಿತು, ಹಂದಿ ತೊಗಟೆ ಕೆರೆದರೂ ಆಯಿತು. ಇಲ್ಲೊಂದು ಹಳೇ ಕಥೆ. 1793ರಲ್ಲಿ ನಾವಿಕ ಜಾರ್ಜ್ ವ್ಯಾಂಕೂವರ್ ಹವಾಯಿಯ ರಾಜ ಕಾಮೇಹಾಮೇಹಾನಿಗೆ ದನಗಳನ್ನು ಉಡುಗೊರೆ ಕೊಟ್ಟ. ಅವನ್ನು ಕೊಲ್ಲಬಾರದು ಅಂತ ಕಟ್ಟುಪಾಡಾಯಿತು. ದನಗಳು ಕಾಡು ಸೇರಿ ಮಂದೆಮಂದೆಯಾದವು. ಮೇಯುವ ದೊಡ್ಡ ಗೊರಸಿನ ಪ್ರಾಣಿಯನ್ನೇ ಕಾಣದೆ ಬೆಳೆದ ಕಾಡು ಅದು. ಅಲ್ಲಿಂದ ಶುರುವಾದ ತುಳಿತ ಇನ್ನೂ ನಿಂತಿಲ್ಲ.

ಇನ್ನೊಂದು ನಂಬಿಕೆಯೂ ಇದೆ: ಓಹಿಯಾದ ಲೆಹುವಾ ಹೂ ಕಿತ್ತರೆ ಮಳೆ ಬರುತ್ತದಂತೆ, ಅಗಲಿದ ಪ್ರೇಮಿಗಳ ಕಣ್ಣೀರು ಅದು. ಮಳೆಕಾಡಿನಲ್ಲಿ ನಿಂತು ಏನು ಕಿತ್ತರೂ ಮಳೆ ಬರುತ್ತದೆ, ಬಿಡಿ. ಆದರೆ ಈ ನಂಬಿಕೆಯ ಮೇಲೆ ನನಗೆ ಸಿಟ್ಟಿಲ್ಲ. ಹೂ ಕೀಳದಿದ್ದರೆ ಒಂದು ಗಾಯ ಕಡಿಮೆ, ಅಲ್ವಾ?

ಸೋಂಕಿನ ಮಣ್ಣು, ಜೀರುಂಡೆ ಕೊರೆದ ಮರದ ಪುಡಿ ಬೂಟಿನ ತಳದ ಅಚ್ಚುಗಳಲ್ಲಿ ಕೂತು ಬೆಟ್ಟ ಇಳಿಯುತ್ತದೆ, ವಿಮಾನವನ್ನೂ ಹತ್ತುತ್ತದೆ. ಮೊದಲು ಹವಾಯಿ ಅನ್ನುವ ಹೆಸರಿನದೇ ದೊಡ್ಡ ದ್ವೀಪದಲ್ಲಿ ಕಂಡಿದ್ದ ರೋಗ 2018ರಲ್ಲಿ ಕವಾಯಿ ದ್ವೀಪದಲ್ಲೂ ಪತ್ತೆಯಾಯಿತು. ಅದಕ್ಕೇ ಬ್ರಷ್ ಮೊದಲು, ಸ್ಪ್ರೇ ಆಮೇಲೆ. ಸುಮ್ನೆ ಕೆಸರಿನ ಮೇಲೆ ಸಿಂಪಡಿಸಿದರೆ ಆಲ್ಕೋಹಾಲ್ ಒಳಗಿಳಿಯುವುದಿಲ್ಲ. ಅದೂ ಶೇ. 70ರದ್ದು ಬೇಕು. ಅಪ್ಪಟ ಆಲ್ಕೋಹಾಲ್ ಬೇಗ ಹಾರಿಹೋಗುತ್ತದೆ, ನೀರು ಬೆರೆತದ್ದು ನಿಂತು ಜೀವಕೋಶದೊಳಗೆ ಇಳಿಯುತ್ತದೆ. ದಾರಿಗೆ ಇಳಿಯುವ ಮುಂಚೆ ಒಮ್ಮೆ, ಹೊರಬಂದಮೇಲೆ ಮತ್ತೊಮ್ಮೆ. ಹಿಮ್ಮಡಿ ಹತ್ತಿರದ ಆಳದ ಅಚ್ಚಿಗೆ ಬ್ರಷ್ ಎಟುಕದಿದ್ದರೆ ಅಲ್ಲಿಯ ಮಣ್ಣನ್ನು ಒಂದು ಕಡ್ಡಿಯಿಂದ ಕೆದಕಿ ತೆಗೆಯಬೇಕು.