ವಿಟಮಿನ್ ಇ ಆಹಾರ ಸಂಯೋಜಕವಾದಾಗ: ಸುರಕ್ಷತೆ ಮತ್ತು ನಿಯಂತ್ರಣ

ಮೈಸೂರಿನ ದಿನಸಿ ಅಂಗಡಿಗಳಲ್ಲಿ ಸಿಗುವ ಚಿಪ್ಸ್ ಅಥವಾ ಕುರುಕಲು ತಿಂಡಿಯ ಪೊಟ್ಟಣಗಳ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುತ್ತ ಹೋದರೆ, ಕೆಲವದರಲ್ಲಿ ‘ಆಂಟಿಆಕ್ಸಿಡೆಂಟ್, ಐಎನ್‌ಎಸ್ 307ಬಿ’ ಎಂಬ ನಮೂದು ಸಿಗುತ್ತದೆ. ಐಎನ್‌ಎಸ್ ಎಂದರೆ ಆಹಾರ ಸಂಯೋಜಕಗಳಿಗೆ ಕೊಟ್ಟಿರುವ ಅಂತರರಾಷ್ಟ್ರೀಯ ಸಂಖ್ಯೆ; 307ಬಿ ಎಂದರೆ ಮಿಶ್ರ ಟೊಕೊಫೆರಾಲ್, ಅಂದರೆ ವಿಟಮಿನ್ ಇ ಗುಂಪಿಗೆ ಸೇರಿದ ವಸ್ತು. ಇಲ್ಲಿ ಅದನ್ನು ಹಾಕಿರುವುದು ನಮ್ಮ ಪೋಷಣೆಗಲ್ಲ, ಎಣ್ಣೆ ಕಮಟದಿರಲಿ ಎಂದು. ಈ ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳದಿದ್ದರೆ ಮುಂದಿನ ನಿಯಮಗಳು ಗೊಂದಲವಾಗಿಯೇ ಕಾಣುತ್ತವೆ.

ವಿಟಮಿನ್ ಇ ಎಂದರೆ ಒಂದೇ ಅಣುವಲ್ಲ. ನಾಲ್ಕು ಟೊಕೊಫೆರಾಲ್ ಮತ್ತು ನಾಲ್ಕು ಟೊಕೊಟ್ರೈಯೆನಾಲ್‌ಗಳು ಸೇರಿ ಎಂಟು ರೂಪಗಳಿವೆ. ಎಣ್ಣೆ ಗಾಳಿಯ ಆಮ್ಲಜನಕದೊಡನೆ ವರ್ತಿಸುವಾಗ ಹುಟ್ಟುವ, ಎಣ್ಣೆಯನ್ನು ಕೆಡಿಸುವ ಚಂಚಲ ಕಣಗಳಾದ ಮುಕ್ತ ರ‍್ಯಾಡಿಕಲ್‌ಗಳಿಗೆ ಟೊಕೊಫೆರಾಲ್ ತನ್ನ ಫೀನಾಲ್ ಗುಂಪಿನ ಹೈಡ್ರೋಜನ್ ಅನ್ನು ಕೊಟ್ಟು ಸರಪಳಿ ಕ್ರಿಯೆಯನ್ನು ತಡೆಯುತ್ತದೆ. ದೇಹದಲ್ಲಿ ಯಕೃತ್ತಿನ ಒಂದು ವಿಶೇಷ ಪ್ರೋಟೀನು ಆಲ್ಫಾ ರೂಪವನ್ನೇ ಆರಿಸಿ ರಕ್ತಕ್ಕೆ ಕಳುಹಿಸುವುದರಿಂದ ವಿಟಮಿನ್ ಆಗಿ ಆಲ್ಫಾವೇ ಮುಖ್ಯ; ಎಣ್ಣೆಯನ್ನು ಕಾಯುವುದರಲ್ಲಾದರೋ ಸಾಮಾನ್ಯವಾಗಿ ಗಾಮಾ ಮತ್ತು ಡೆಲ್ಟಾ ರೂಪಗಳದೇ ಮೇಲುಗೈ. ತಯಾರಕರು ಮಿಶ್ರಣವನ್ನು ಬಳಸುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಅಂಶವನ್ನು ಅಡಿಗೆರೆ ಹಾಕಿಟ್ಟುಕೊಳ್ಳಬೇಕು: ಆಲ್ಫಾ ಟೊಕೊಫೆರಾಲ್ ಪ್ರಮಾಣ ಮಿತಿ ಮೀರಿದರೆ ಅದೇ ಎಣ್ಣೆಯ ಉತ್ಕರ್ಷಣೆಗೆ (ಆಮ್ಲಜನಕದೊಡನೆ ವರ್ತಿಸಿ ಕೆಡುವುದಕ್ಕೆ) ಒತ್ತಾಸೆಯಾಗಬಲ್ಲದು. ಹಾಗಾಗಿ ಹೆಚ್ಚು ಹಾಕುವ ಆಸೆಗೆ ರಸಾಯನಶಾಸ್ತ್ರವೇ ಕಡಿವಾಣ ಹಾಕುತ್ತದೆ. ಮರದ ಗಾಣದಲ್ಲಿ ತೆಗೆದ ಕಡಲೆಕಾಯಿ ಎಣ್ಣೆಯಲ್ಲೂ ಟೊಕೊಫೆರಾಲ್ ಇರುತ್ತದೆ. ಅದು ಬೀಜದಿಂದಲೇ ಬಂದದ್ದಾದ್ದರಿಂದ ಸಂಯೋಜಕವೆನಿಸುವುದಿಲ್ಲ.

ಪೋಷಕಾಂಶವಾಗಿ ಸೇರಿಸುವಾಗ ಹೆಚ್ಚಾಗಿ ಬಳಸುವ ಟೊಕೊಫೆರಿಲ್ ಅಸಿಟೇಟ್‌ನಲ್ಲಿ ಆ ಫೀನಾಲ್ ಗುಂಪೇ ಮುಚ್ಚಿರುತ್ತದೆ. ಕರುಳಿನಲ್ಲಿ ಅಸಿಟೇಟ್ ಕಳಚಿದ ಮೇಲಷ್ಟೇ ಅದು ಕೆಲಸಕ್ಕೆ ಬರುವುದರಿಂದ, ಪೊಟ್ಟಣದಲ್ಲಿರುವ ಎಣ್ಣೆಯನ್ನು ಅದು ಕಾಯಲಾರದು.

ನಮ್ಮ ದೇಶದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಅಡಿಯಲ್ಲಿ ಆಹಾರ ನಿಯಂತ್ರಣ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ರೂಪಿಸಿದ 2011ರ ನಿಯಮಗಳು ಯಾವ ಆಹಾರಕ್ಕೆ ಯಾವ ಸಂಯೋಜಕವನ್ನು ಎಷ್ಟು ಸೇರಿಸಬಹುದೆಂದು ಹೇಳುತ್ತವೆ. ಪೂರಕ ಮಾತ್ರೆಗಳಿಗೆ ನ್ಯೂಟ್ರಾಸ್ಯುಟಿಕಲ್ ನಿಯಮಗಳು ಬೇರೆಯೇ ಇವೆ. ಯುರೋಪಿನಲ್ಲಿ ಟೊಕೊಫೆರಾಲ್‌ಗಳಿಗೆ ಇ 306ರಿಂದ 309ರವರೆಗಿನ ಸಂಖ್ಯೆಗಳಿವೆ. ಅಮೆರಿಕವು ಇವನ್ನು ಸಾಮಾನ್ಯವಾಗಿ ಸುರಕ್ಷಿತವೆಂದು ಮಾನ್ಯಮಾಡಿದ ವಸ್ತುಗಳ ಪಟ್ಟಿಯಲ್ಲಿ ಇರಿಸಿದೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಸ್ಥೆಯಾದ ಎಫ್‌ಎಒಗಳ ಜಂಟಿ ತಜ್ಞ ಸಮಿತಿಯಾದ ಜೆಕ್ಫಾ 1986ರಲ್ಲಿ ನಿಗದಿಪಡಿಸಿದ ಸ್ವೀಕಾರಾರ್ಹ ದೈನಂದಿನ ಸೇವನೆ, ದೇಹತೂಕದ ಪ್ರತಿ ಕಿಲೋಗೆ 0.15ರಿಂದ 2 ಮಿಲಿಗ್ರಾಂ. ಸಂಯೋಜಕವೊಂದಕ್ಕೆ ಕೆಳಮಿತಿಯೂ ಇರುವುದು ಅಪರೂಪ. ವಸ್ತುವು ದೇಹಕ್ಕೆ ಅಗತ್ಯವೂ ಹೌದಾದ್ದರಿಂದ ಹೀಗೆ. 60 ಕಿಲೋ ತೂಕದವರಿಗೆ ಮೇಲ್ಮಿತಿ 120 ಮಿಲಿಗ್ರಾಂ ಆಗುತ್ತದೆ. 30 ಗ್ರಾಂ ಚಿಪ್ಸ್‌ನಲ್ಲಿ 10 ಗ್ರಾಂ ಎಣ್ಣೆಯಿದ್ದು, ಆ ಎಣ್ಣೆಗೆ ಕಿಲೋಗೆ 200 ಮಿಲಿಗ್ರಾಂನಂತೆ ಟೊಕೊಫೆರಾಲ್ ಬೆರೆಸಿದ್ದಾರೆ ಎಂದಿಟ್ಟುಕೊಂಡರೆ, ನಮ್ಮ ಹೊಟ್ಟೆ ಸೇರುವುದು ಕೇವಲ 2 ಮಿಲಿಗ್ರಾಂ. ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಿದರೆ, ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯಾದ ಎಫ್‌ಸಾ 2015ರ ಮರುಮೌಲ್ಯಮಾಪನದಲ್ಲಿ ಆಹಾರದಲ್ಲಿ ಬಳಸುವ ಮಟ್ಟದಲ್ಲಿ ಸುರಕ್ಷತೆಯ ಆತಂಕವಿಲ್ಲ ಎಂದದ್ದು ಏಕೆಂದು ತಿಳಿಯುತ್ತದೆ.

ನನ್ನ ದೃಷ್ಟಿಯಲ್ಲಿ ಎಚ್ಚರ ಬೇಕಾದದ್ದು ಔಷಧ ಅಂಗಡಿಯಲ್ಲಿ ಸಿಗುವ 400 ಮಿಲಿಗ್ರಾಂನ ಕ್ಯಾಪ್ಸೂಲ್‌ಗಳ ಬಗ್ಗೆ. ವಯಸ್ಕರಿಗೆ ದಿನದ ಗರಿಷ್ಠ ಮಿತಿ ಯುರೋಪಿನಲ್ಲಿ 300 ಮಿಲಿಗ್ರಾಂ, ಅಮೆರಿಕದಲ್ಲಿ 1000 ಮಿಲಿಗ್ರಾಂ. ಅಧಿಕ ಪ್ರಮಾಣವು ರಕ್ತ ಹೆಪ್ಪುಗಟ್ಟಲು ನೆರವಾಗುವ ವಿಟಮಿನ್ ಕೆ ಕೆಲಸಕ್ಕೆ ಅಡ್ಡಬಂದು ರಕ್ತಸ್ರಾವದ ಸಂಭವವನ್ನು ಹೆಚ್ಚಿಸುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ನುಂಗಬಾರದು. ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ, ಮಿಲಿಗ್ರಾಂ ಅಲ್ಲ) ವಿಟಮಿನ್ ಇ ಕೊಟ್ಟ ಸೆಲೆಕ್ಟ್ ಎಂಬ ಅಧ್ಯಯನದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಿದ್ದು 2011ರಲ್ಲಿ ಪ್ರಕಟವಾಯಿತು.

ದೇಹವನ್ನು ಸೇರುವ ದಾರಿಯೂ ಅಷ್ಟೇ ಮುಖ್ಯ. 2019ರಲ್ಲಿ ಅಮೆರಿಕದಲ್ಲಿ ವೇಪಿಂಗ್ ಮಾಡುವ, ಅಂದರೆ ಇ-ಸಿಗರೇಟಿನಂಥ ಸಾಧನದಿಂದ ಆವಿ ಸೇದುವವರಿಗೆ ತೀವ್ರ ಶ್ವಾಸಕೋಶದ ಹಾನಿ ಕಾಣಿಸಿಕೊಂಡಾಗ, ಅದರೊಂದಿಗೆ ಬಲವಾದ ನಂಟು ಕಂಡುಬಂದದ್ದು ಮೇಲೆ ಹೇಳಿದ ಟೊಕೊಫೆರಿಲ್ ಅಸಿಟೇಟ್, ಅಂದರೆ ವಿಟಮಿನ್ ಇ ಅಸಿಟೇಟ್‌ಗೆ. ತಿನ್ನುವುದಕ್ಕೆ ಸಿಕ್ಕ ಅನುಮತಿಯನ್ನು ಉಸಿರಾಡುವುದಕ್ಕೆ ಅನ್ವಯಿಸುವಂತಿಲ್ಲ.