ಹೆಬ್ಬೆಟ್ಟಿನವರ ಹೆಸರಲ್ಲಿ ಸಹಿ

ಗಂಗಾವತಿ ಕಡೆಯ ಹೆಣ್ಣುಮಗಳೊಬ್ಬರು ಕೊಪ್ಪಳದ ನಮ್ಮ ವಕೀಲಿ ಆಫೀಸಿಗೆ ಬಂದಿದ್ದರು. ಭತ್ತ ಮಾರಿದ ದುಡ್ಡನ್ನು ಊರಿನ ಪತ್ತಿನ ಸಂಘದಲ್ಲಿ ಎಫ್‌ಡಿ ಇಟ್ಟಿದ್ದರು. ಮಗಳ ಮದುವೆಗೆ ಬಿಡಿಸಿಕೊಳ್ಳಲು ಹೋದರೆ ಅದರ ಮೇಲೆ ಆಗಲೇ ಸಾಲ ಎತ್ತಲಾಗಿತ್ತು. "ಸರ್, ನಾ ಸಾಲಾನ ತಗೊಂಡಿಲ್ರಿ" ಅಂದರು. ಸಾಲದ ಅರ್ಜಿಯ ನಕಲು ನೋಡಿದೆ. ಕೆಳಗೆ ಚೆಂದದ ಸಹಿ ಇತ್ತು. ಆಯಮ್ಮ ಹೆಬ್ಬೆಟ್ಟು ಒತ್ತುವವರು.

ಠಾಣೆಯಲ್ಲಿ "ಇದು ಸಿವಿಲ್ ಮ್ಯಾಟರ್, ಸಹಕಾರ ಇಲಾಖೆಗೆ ಹೋಗಮ್ಮ" ಅಂದು ಕಳಿಸಿದ್ದರಂತೆ. ಈ ಮಾತು ನನಗೆ ಹೊಸದಲ್ಲ. ಅರ್ಧ ಸರಿ, ಅರ್ಧ ತಪ್ಪು. 1959ರ ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಮಿನಲ್ಲಿ ಇಲಾಖೆ ವಿಚಾರಣೆ ನಡೆಸಬಹುದು, 69ರಲ್ಲಿ ನಷ್ಟ ಮಾಡಿದವರಿಂದ ವಸೂಲಿ ಮಾಡಬಹುದು. (ಸೌಹಾರ್ದ ಸಹಕಾರಿಗಳಿಗೆ 1997ರ ಬೇರೆ ಕಾಯ್ದೆ ಇದೆ.) ಆದರೆ ಇಲಾಖೆ ವಿಚಾರಣೆ ನಡೆದರೆ ಪೊಲೀಸ್ ಕೇಸ್ ಆಗಬಾರದು ಅಂತೇನಿಲ್ಲ. ಎರಡೂ ಜೊತೆಗೇ ನಡೆಯಬಹುದು.

ನಮ್ಮ ಜನ ಸಂಘದ ಶಟರ್ ಇಳಿದ ಮೇಲೆ ವಕೀಲರನ್ನು ಹುಡುಕುತ್ತಾರೆ. ಅಷ್ಟೊತ್ತಿಗೆ ದುಡ್ಡು ಸೈಟಾಗಿ, ಮನೆಯಾಗಿ, ಯಾರದೋ ಹೆಸರಿಗೆ ಹೋಗಿರುತ್ತದೆ. ಮೋಸದ ಉದ್ದೇಶದಿಂದ ಗುಮಾಸ್ತನೋ ಕಾರ್ಯದರ್ಶಿಯೋ ಸುಳ್ಳು ಲೆಕ್ಕ ಬರೆದರೆ ಬರೆದ ದಿನವೇ ಅಪರಾಧ. ಒಂದು ರೂಪಾಯಿಯೂ ಹೊರಗೆ ಹೋಗಿರಬೇಕಿಲ್ಲ. ಭಾರತೀಯ ನ್ಯಾಯ ಸಂಹಿತೆಯ 344ನೇ ಕಲಂ ಇದಕ್ಕೆ 7 ವರ್ಷದವರೆಗೆ ಜೈಲು ಹೇಳುತ್ತದೆ. 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಹಳೆಯ ಐಪಿಸಿಯ 477ಎ. ನಂಬಿ ಕೊಟ್ಟ ಹಣವನ್ನು ಬ್ಯಾಂಕರ್ ಅಥವಾ ಏಜೆಂಟ್ ನುಂಗಿದರೆ ನ್ಯಾಯ ಸಂಹಿತೆಯದೇ 316(5), ಅದಕ್ಕೆ ಜೀವಾವಧಿಯವರೆಗೂ ಶಿಕ್ಷೆ ಇದೆ. ಪಿಗ್ಮಿ ಪಾಸ್‌ಬುಕ್ಕಿನಲ್ಲಿ ಇರುವ ಹಣ ಸಂಘದ ಲೆಡ್ಜರಿನಲ್ಲಿ ಇಲ್ಲದಿದ್ದರೆ ಅವತ್ತೇ ಬರೆದು ದೂರು ಕೊಡಿ ಅನ್ನುವುದು ಅದಕ್ಕೇ.

ಠಾಣೆಯವರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಇದ್ದಾರೆ.

ನಿರ್ದೇಶಕರಿಗೂ ಒಂದು ಮಾತು. "ಸುಮ್ನೆ ಸಹಿ ಹಾಕಿದೆ ಸರ್" ಅನ್ನುವವರು ಬಹಳ. ಬರೀ ಬೇಜವಾಬ್ದಾರಿ ಜೈಲಿಗೆ ಸಾಕಾಗುವುದಿಲ್ಲ, ಉದ್ದೇಶ ಬೇಕು, ನಿಜ. ಆದರೆ ನಷ್ಟ ಮಾತ್ರ ನಿಮ್ಮ ತಲೆಗೆ ಬರಬಹುದು. ಇನ್ನು ಭಾಮೈದನ ಸಾಲದ ಠರಾವಿಗೆ ಓದದೇ ಸಹಿ ಹಾಕಿದೆ ಅಂದರೆ ಯಾವ ಜಡ್ಜ್ ನಂಬುತ್ತಾರೆ? ಸರ್ಕಾರದ ನೆರವು ಪಡೆದ ಕೃಷಿ, ಬ್ಯಾಂಕಿಂಗ್ ಸಂಘದ ಅಧ್ಯಕ್ಷ, ಕಾರ್ಯದರ್ಶಿ ಭ್ರಷ್ಟಾಚಾರ ತಡೆ ಕಾಯ್ದೆಯ ಲೆಕ್ಕದಲ್ಲಿ ಸರ್ಕಾರಿ ನೌಕರರಿದ್ದ ಹಾಗೆಯೇ. ಸಾಲ ಮಂಜೂರಿಗೆ ಲಂಚ ಕೇಳಿದರೆ ಲೋಕಾಯುಕ್ತ ಪೊಲೀಸರ ಬಳಿ ಹೋಗಬಹುದು.

ಇಷ್ಟೆಲ್ಲ ಯಾಕೆ ಅಂದರೆ, ಪತ್ತಿನ ಸಂಘವನ್ನು ಜನ "ಬ್ಯಾಂಕು" ಅಂತಲೇ ಕರೆಯುತ್ತಾರೆ. ಬ್ಯಾಂಕಿನ ಠೇವಣಿಗೆ ಇರುವ 5 ಲಕ್ಷದ ವಿಮೆ ಇವಕ್ಕೆ ಇಲ್ಲ. ಜಪ್ತಿಯೇ ಗತಿ. ಅಪರಾಧದ ದುಡ್ಡಿನ ಆಸ್ತಿ ಜಪ್ತಿಗೆ ಈಗ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಬದಲು ಬಂದದ್ದು) 107ನೇ ಕಲಂ ಇದೆ. ಆಸ್ತಿ ಇನ್ನೂ ಕೈದಾಟುವ ಮೊದಲು ಕೇಳಬೇಕು, ಅಷ್ಟೇ.

ಆಯಮ್ಮನ ದೂರು ದಾಖಲಾಯಿತು. ವಾರ ಕಳೆಯುವುದರೊಳಗೆ ಸಂಘದವರು ಬಡ್ಡಿ ಸಮೇತ ದುಡ್ಡು ತಂದರು, ಕೇಸ್ ಬಿಡಿ ಅಂದರು. "ಬಿಡ್ಲೇನ್ರಿ ಸರ್?" ಅಂತ ಕೇಳಿದರು. ದುಡ್ಡು ತಗೊಳ್ಳಿ ಅಕ್ಕಾ, ಆದರೆ 316(5) ರಾಜಿ ಮಾಡಿಕೊಳ್ಳುವ ಕೇಸಲ್ಲ ಅಂದೆ. ತನಿಖೆಯಲ್ಲಿ ಸಾಲದ ರಿಜಿಸ್ಟರ್ ತೆಗೆಸಿದಾಗ, ಅದೇ ಕೈಬರಹದ ಸಹಿಗಳು ಇನ್ನೂ 11 ಸಿಕ್ಕವು.